ನೆಲ ಡೊಂಕೋ, ಕೋಲು ಡೊಂಕೋ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಆಟಗಾರರಿಗೆ ಒಪ್ಪುವಷ್ಟು ಇನ್ನಾರಿಗೂ ಒಪ್ಪುವುದಿಲ್ಲ. ಪಿಚ್ ಸರಿಯಿರಲಿಲ್ಲ, ಬ್ಯಾಟಿನ ಹಿಡಿ ಸಡಿಲವಾಗಿತ್ತು, ಚೆಂಡು ಒದ್ದೆಯಾಗಿತ್ತು - ಸೋತವನ ಬಳಿ ಕಾರಣಗಳಿಗೆ ಬರವಿಲ್ಲ. ಅವುಗಳಲ್ಲಿ ಕೆಲವು ನಿಜವೂ ಇರುತ್ತವೆ. ಕಷ್ಟ ಇರುವುದೇ ಅಲ್ಲಿ. ಯಾವುದು ನಿಜ, ಯಾವುದು ನೆಪ ಎಂದು ಆಡಿದವನಿಗೇ ತಿಳಿಯುವುದು ಹೇಗೆ?

ಊರಿನ ಮೈದಾನದಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಒಂದು ನೆನಪು ಇದ್ದೇ ಇರುತ್ತದೆ. ತಂಡಕ್ಕೆಲ್ಲ ಒಂದೇ ಬ್ಯಾಟು. ಬೇಸಿಗೆ ರಜೆಯಲ್ಲಿ ಅದಕ್ಕೆ ಅಗಸೆ ಎಣ್ಣೆ ಹಚ್ಚಿ, ಹಳೆಯ ಚೆಂಡಿನಿಂದ ತಟ್ಟಿ ತಟ್ಟಿ ಹದ ಮಾಡುವ ಹುಡುಗನೊಬ್ಬ ಪ್ರತಿ ತಂಡದಲ್ಲೂ ಇರುತ್ತಿದ್ದ. ಅವನೇ ತಂಡದ ದೊಡ್ಡ ಆಟಗಾರನಾಗಿರುತ್ತಿದ್ದ ಎಂದೇನಿಲ್ಲ. ಆದರೆ ಔಟಾಗಿ ಬಂದಾಗ ಅವನು ಬ್ಯಾಟನ್ನು ನೆಲಕ್ಕೆ ಕುಕ್ಕುತ್ತಿರಲಿಲ್ಲ. ಎಣ್ಣೆ ಹಚ್ಚಿದ್ದರಿಂದ ಅವನ ಆಟ ಸುಧಾರಿಸಿತೇ, ಸ್ವಭಾವ ಸುಧಾರಿಸಿತೇ, ಅಥವಾ ಎರಡೂ ಇಲ್ಲವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಗಾಲ್ಫ್‌ನಷ್ಟು ತಕ್ಕ ಆಟ ಇನ್ನೊಂದಿಲ್ಲ. ಇಲ್ಲಿ ಎದುರಾಳಿ ಚೆಂಡೆಸೆಯುವುದಿಲ್ಲ, ಅಡ್ಡ ಬರುವುದಿಲ್ಲ. ನಿಂತ ಚೆಂಡು, ಕೈಯಲ್ಲಿ ಒಂದು ಕೋಲು, ದೂರದಲ್ಲಿ ಒಂದು ಕುಳಿ. ತಪ್ಪಿದರೆ ದೂರಲು ಉಳಿಯುವುದು ಎರಡೇ - ತಾನು, ಇಲ್ಲವೇ ತನ್ನ ಸಲಕರಣೆ. ಹೊಡೆಯುವ ಸಾಧನಕ್ಕೂ ಆಡುವ ಸಂಸ್ಥೆಗೂ ಇಂಗ್ಲಿಷಿನಲ್ಲಿ ‘ಕ್ಲಬ್’ ಎಂಬ ಒಂದೇ ಹೆಸರು. ಗೊಂದಲ ಬೇಡವೆಂದು ಇಲ್ಲಿ ಸಾಧನವನ್ನು ‘ಕೋಲು’ ಎಂದೇ ಕರೆಯೋಣ. ಅದರ ಉದ್ದನೆಯ ಭಾಗಕ್ಕೆ, ಗುದ್ದಲಿ ಕೊಡಲಿಗಳಿಗೆ ನಮ್ಮ ರೈತರು ಹೇಳುವ ‘ಕಾವು’ ಎಂಬ ಮಾತು ಸರಿಹೊಂದುತ್ತದೆ.

ಗರಿ ತುಂಬಿದ ಚೆಂಡು

ಗಾಲ್ಫ್‌ನ ತವರು ಸ್ಕಾಟ್ಲೆಂಡ್. ಅಲ್ಲಿನ ಸೇಂಟ್ ಆಂಡ್ರೂಸ್ ಎಂಬ ಕಡಲತೀರದ ಊರಿನಲ್ಲಿ 19ನೇ ಶತಮಾನದ ಮೊದಲ ಅರ್ಧದಲ್ಲಿ ಅಲನ್ ರಾಬರ್ಟ್‌ಸನ್ ಎಂಬುವರು ಚೆಂಡು ತಯಾರಿಸುತ್ತಿದ್ದರು. ತಮ್ಮ ಕಾಲದ ಶ್ರೇಷ್ಠ ಆಟಗಾರರೂ ಅವರೇ. ಅವರು ಮಾಡುತ್ತಿದ್ದುದು ಗರಿಯ ಚೆಂಡು. ಒದ್ದೆ ಮಾಡಿದ ಚರ್ಮದ ಪುಟ್ಟ ಚೀಲವನ್ನು ಹೊಲಿದು, ಸಣ್ಣ ರಂಧ್ರದ ಮೂಲಕ ಒಂದು ದೊಡ್ಡ ಟೋಪಿ ತುಂಬುವಷ್ಟು ಬಾತುಕೋಳಿಯ ಗರಿಗಳನ್ನು ಸಲಾಕೆಯಿಂದ ಒತ್ತಿ ಒತ್ತಿ ತುರುಕಬೇಕು. ಒಣಗುವಾಗ ಚರ್ಮ ಕುಗ್ಗುತ್ತದೆ, ಗರಿ ಹಿಗ್ಗುತ್ತದೆ. ಎರಡೂ ಒಂದಕ್ಕೊಂದು ಎದುರು ನಿಂತು ಚೆಂಡು ಕಲ್ಲಿನಂತಾಗುತ್ತದೆ. ನುರಿತ ಕೆಲಸಗಾರ ಇಡೀ ದಿನ ಕುಳಿತರೂ ಮೂರು ನಾಲ್ಕು ಚೆಂಡು ಮಾಡಿದರೆ ಹೆಚ್ಚು.

ಹೀಗಾಗಿ ಚೆಂಡು ದುಬಾರಿ. ಮೇಲಾಗಿ ನಾಜೂಕು. ಮಳೆ ಬಂದರೆ ನೀರು ಕುಡಿದು ಭಾರವಾಗುತ್ತಿತ್ತು, ಹೊಲಿಗೆ ಕೊಳೆತು ಬಿಚ್ಚಿಕೊಳ್ಳುತ್ತಿತ್ತು. ಕಬ್ಬಿಣದ ಕೋಲಿನ ಏಟು ತಪ್ಪಿ ಬಿದ್ದರೆ ಒಂದೇ ಹೊಡೆತಕ್ಕೆ ಸೀಳಿ ಗರಿ ಹಾರುತ್ತಿತ್ತು. ಆ ಕಾಲದವರು ಹೆಚ್ಚಾಗಿ ಮರದ ತಲೆಯ ಕೋಲುಗಳನ್ನೇ ಬಳಸಿದ್ದಕ್ಕೆ ಇದೂ ಒಂದು ಕಾರಣ. ಸಾಮಗ್ರಿಯ ಮೇಲಿನ ಕಾಳಜಿ ಆಟದ ರೀತಿಯನ್ನೇ ರೂಪಿಸಿತ್ತು ಎನ್ನಬಹುದು.

1843ರಲ್ಲಿ ಸಿಂಗಪುರದಲ್ಲಿದ್ದ ವಿಲಿಯಂ ಮಾಂಟ್ಗೊಮರಿ ಎಂಬ ವೈದ್ಯರು ಮಲಯದ ಕಾಡುಮರದ ಹಾಲಿನಿಂದ ತಯಾರಾಗುವ ಗಟಾಪರ್ಚಾ ಎಂಬ ಅಂಟಿನ ಮಾದರಿಗಳನ್ನು ಲಂಡನ್ನಿಗೆ ಕಳಿಸಿದರು. ಬಿಸಿನೀರಿನಲ್ಲಿ ಹಾಕಿದರೆ ಕಣಕದಂತೆ ಮೆತ್ತಗಾಗಿ, ಆರಿದರೆ ಗಟ್ಟಿಯಾಗುವ ಈ ವಸ್ತು ಮುಂದೆ ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಯಿತು. 1848ರ ಹೊತ್ತಿಗೆ ಗಾಲ್ಫ್ ಚೆಂಡೂ ಆಯಿತು. ಬೆಲೆ ಗರಿಯ ಚೆಂಡಿಗಿಂತ ಎಷ್ಟೋ ಕಡಿಮೆ. ಮಳೆಗೆ ಅಂಜಬೇಕಿಲ್ಲ. ಒಡೆದರೆ ಅಥವಾ ಸೊಟ್ಟಗಾದರೆ ಮನೆಯಲ್ಲೇ ಬಿಸಿನೀರಿಗೆ ಹಾಕಿ ಮತ್ತೆ ಉಂಡೆ ಕಟ್ಟಬಹುದು. ಕುಶಲಕರ್ಮಿಯ ಬಳಿಗೆ ಹೋಗದೆ ಆಟಗಾರನೇ ತನ್ನ ಚೆಂಡನ್ನು ದುರಸ್ತಿ ಮಾಡಿಕೊಳ್ಳುವುದು ಸಾಧ್ಯವಾಯಿತು.

ಗರಿಯ ಚೆಂಡನ್ನೇ ನಂಬಿದ್ದ ರಾಬರ್ಟ್‌ಸನ್‌ರಿಗೆ ಇದು ಹಿಡಿಸಲಿಲ್ಲ. ಪೊದೆಗಳಲ್ಲಿ ಸಿಕ್ಕಿದ ಹೊಸ ಚೆಂಡುಗಳನ್ನು ಕೊಂಡು ಸುಟ್ಟುಹಾಕುತ್ತಿದ್ದರು ಎಂಬ ಕಥೆಯಿದೆ. ಅವರ ಬಳಿ ಕೆಲಸ ಕಲಿತ ಟಾಮ್ ಮಾರಿಸ್ ಹೊಸ ಚೆಂಡಿನಲ್ಲಿ ಆಡಿದ ಕಾರಣಕ್ಕೇ ಇಬ್ಬರಿಗೂ ಮನಸ್ತಾಪ ಬಂದು, 1851ರಲ್ಲಿ ಮಾರಿಸ್ ಊರು ಬಿಟ್ಟು ಪ್ರೆಸ್ಟ್‌ವಿಕ್‌ಗೆ ಹೋದರು. ಅದೇ ಮಾರಿಸ್ 1861ರಿಂದ 1867ರ ನಡುವೆ ನಾಲ್ಕು ಬಾರಿ ಓಪನ್ ಚಾಂಪಿಯನ್ ಆದರು.

ಗಾಯಗೊಂಡದ್ದೇ ಚೆನ್ನಾಗಿ ಹಾರಿತು

ಗಟಾಪರ್ಚಾ ಚೆಂಡು ಒಂದು ವಿಚಿತ್ರ ಪಾಠವನ್ನೂ ಕಲಿಸಿತು. ಹೊಚ್ಚ ಹೊಸದಾಗಿ, ನುಣ್ಣಗೆ ಹೊಳೆಯುತ್ತಿದ್ದ ಚೆಂಡು ಗಾಳಿಯಲ್ಲಿ ಸ್ವಲ್ಪ ದೂರ ಹೋಗಿ ದೊಪ್ಪನೆ ಬೀಳುತ್ತಿತ್ತು. ಆಟ ಮುಗಿಯುವ ಹೊತ್ತಿಗೆ, ಕೋಲಿನ ಏಟಿಗೆ ಮೈಯೆಲ್ಲ ಕಚ್ಚು ಬಿದ್ದ ಮೇಲೆ, ಅದೇ ಚೆಂಡು ನೇರವಾಗಿ, ದೂರವಾಗಿ ಹಾರುತ್ತಿತ್ತು. ಇದನ್ನು ಗಮನಿಸಿದವರು ಹೊಸ ಚೆಂಡಿಗೆ ಸುತ್ತಿಗೆಯಿಂದ ತಾವೇ ಕಚ್ಚು ಹೊಡೆಯತೊಡಗಿದರು. ಮುಂದೆ ಅಚ್ಚಿನಲ್ಲೇ ಗೀರುಗಳು ಬಂದವು. 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಚೆಂಡಿನ ಮೈಮೇಲಿನ ಕುಳಿಗಳಿಗೆ ಪೇಟೆಂಟ್ ಕೋರಿದರು. ಇಂದಿನ ಗಾಲ್ಫ್ ಚೆಂಡಿನ ಸಿಡುಬು ಕಲೆಯಂಥ ಮುಖ ಬಂದದ್ದು ಹೀಗೆ. ಕುಳಿಗಳಿದ್ದರೆ ಗಾಳಿ ಚೆಂಡಿನ ಮೈಗೆ ಹೆಚ್ಚು ಹೊತ್ತು ಅಂಟಿ ಹರಿಯುತ್ತದೆ, ಹಿಂದಕ್ಕೆ ಎಳೆಯುವ ಸುಳಿ ಕಿರಿದಾಗುತ್ತದೆ ಎಂಬ ವಿವರಣೆ ಆಮೇಲಿನದು. ಮೊದಲು ಕಂಡುಕೊಂಡದ್ದು ತಮ್ಮ ಚೆಂಡನ್ನು ಕೈಯಲ್ಲಿ ತಿರುಗಿಸಿ ನೋಡುವ ಅಭ್ಯಾಸವಿದ್ದ ಆಟಗಾರರ ಕಣ್ಣು.

ಜೋಪಾನ ಎಂದರೆ ಹೊಸದರಂತೆ ಇಡುವುದು ಎಂದು ನಾವು ಭಾವಿಸುತ್ತೇವೆ. ಗಟಾಪರ್ಚಾ ಚೆಂಡು ಬೇರೆಯದೇ ಅರ್ಥ ಹೇಳಿತು. ವಸ್ತು ಬಳಕೆಯಲ್ಲಿ ಹೇಗೆ ಬದಲಾಗುತ್ತದೆ ಎಂದು ತಿಳಿದು, ಬೇಕಾದ ಬದಲಾವಣೆಯನ್ನು ಉಳಿಸಿ, ಬೇಡವಾದುದನ್ನು ತಡೆಯುವುದೇ ಜೋಪಾನ.

ತುಕ್ಕಿನ ಕಾಲ, ಯಾರ ಕೈ?

1898ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ರಬ್ಬರಿನ ಎಳೆ ಸುತ್ತಿದ ಚೆಂಡನ್ನು ರೂಪಿಸಿದರು. 1902ರಲ್ಲಿ ಸ್ಯಾಂಡಿ ಹರ್ಡ್ ಆ ಚೆಂಡಿನಲ್ಲಿ ಆಡಿ ಓಪನ್ ಗೆದ್ದ ಮೇಲೆ ಗಟಾಪರ್ಚಾ ಚೆಂಡು ಮೂಲೆ ಸೇರಿತು. ಚೆಂಡು ಬದಲಾದರೂ ಕೋಲು ಮಾತ್ರ ಹಿಂದಿನಂತೆಯೇ ಇತ್ತು. ಅಮೆರಿಕದಿಂದ ಬರುವ ಹಿಕರಿ ಮರದ ಕಾವು, ಅದರ ತುದಿಗೆ ಮರದ ಅಥವಾ ಕಬ್ಬಿಣದ ತಲೆ, ಹಿಡಿಗೆ ಸುತ್ತಿದ ಚರ್ಮ.

ಗುದ್ದಲಿ ಹಿಡಿದು ಗೊತ್ತಿರುವವರಿಗೆ ಈ ಕೋಲಿನ ಕಷ್ಟ ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದರೆ ತಲೆ ಅಲುಗಾಡುತ್ತದೆ. ನಮ್ಮ ರೈತ ಗುದ್ದಲಿಯನ್ನು ನೀರಿನಲ್ಲಿ ನೆನೆಹಾಕುತ್ತಾನೆ, ಇಲ್ಲವೇ ಬೆಣೆ ಹೊಡೆಯುತ್ತಾನೆ. ಗಾಲ್ಫ್‌ನಲ್ಲಿ ಕೂದಲೆಳೆಯಷ್ಟು ಅಲುಗಾಟವೂ ಚೆಂಡಿನ ದಿಕ್ಕು ಕೆಡಿಸುತ್ತದೆ. ಹೀಗಾಗಿ ಕಾವಿಗೆ ಅಗಸೆ ಎಣ್ಣೆ ಉಣಿಸಬೇಕಿತ್ತು, ತಲೆ ಸೇರುವ ಕಡೆ ಮೇಣ ಹಚ್ಚಿದ ದಾರ ಬಿಗಿಯಾಗಿ ಸುತ್ತಬೇಕಿತ್ತು, ಚರ್ಮದ ಹಿಡಿ ಬಿರುಕು ಬಿಡದಂತೆ ನೋಡಿಕೊಳ್ಳಬೇಕಿತ್ತು. ಕಬ್ಬಿಣದ ತಲೆಗಂತೂ ಒಂದು ಮಳೆ ಸಾಕು, ಮರುದಿನ ತುಕ್ಕು. ಪ್ರತಿ ಆಟದ ನಂತರ ಎಮರಿ ಬಟ್ಟೆಯಿಂದ ಉಜ್ಜಿ ಎಣ್ಣೆ ಕೈಯಾಡಿಸದೆ ವಿಧಿಯಿರಲಿಲ್ಲ.

ಇಷ್ಟೆಲ್ಲ ಮಾಡುತ್ತಿದ್ದವರು ಯಾರು? ಬಹುಪಾಲು ಕ್ಯಾಡಿಗಳು, ಅಂದರೆ ಆಟಗಾರನ ಕೋಲು ಹೊತ್ತು ನಡೆಯುವವರು. ಮತ್ತು ಸಂಸ್ಥೆಯ ಅಂಗಡಿಯಲ್ಲಿ ಕೂಲಿಗಿದ್ದವರು. ‘ಹವ್ಯಾಸಿ’ ಎಂಬ ಪದಕ್ಕೆ ಅಂದು ಒಂದು ಸಾಮಾಜಿಕ ಅರ್ಥವೂ ಇತ್ತು. ಹಣಕ್ಕಾಗಿ ಆಡದ, ಕೈಕೆಸರು ಮಾಡಿಕೊಳ್ಳದ ಗೌರವಸ್ಥ. ವೃತ್ತಿಪರ ಎಂದರೆ ಕೋಲು ಕೆತ್ತುವ, ಚೆಂಡು ಮಾಡುವ, ಇತರರಿಗೆ ಆಟ ಕಲಿಸುವ ಕೆಲಸಗಾರ. ಅವನು ಎಷ್ಟೇ ಚೆನ್ನಾಗಿ ಆಡಿದರೂ ಸದಸ್ಯರ ಕಟ್ಟಡದೊಳಕ್ಕೆ ಪ್ರವೇಶವಿಲ್ಲ. 1920ರಲ್ಲಿ ಇಂಗ್ಲೆಂಡಿನ ಡೀಲ್‌ನಲ್ಲಿ ಓಪನ್ ಆಡಲು ಬಂದ ಅಮೆರಿಕದ ವಾಲ್ಟರ್ ಹೇಗನ್ ಬಟ್ಟೆ ಬದಲಿಸಲು ಒಳಗೆ ಜಾಗ ಸಿಗದೆ, ಭಾರಿ ಕಾರೊಂದನ್ನು ಬಾಡಿಗೆಗೆ ತಂದು ಕಟ್ಟಡದ ಮುಂದೆಯೇ ನಿಲ್ಲಿಸಿ ಅದರೊಳಗೆ ಬಟ್ಟೆ ಬದಲಿಸಿದರು.

ಈ ವ್ಯವಸ್ಥೆ ಭಾರತಕ್ಕೂ ಬಂತು. ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಸಂಸ್ಥೆಗಳು ಹುಟ್ಟಿದವು. ಬೆಂಗಳೂರಿನ ಆ ಸಂಸ್ಥೆ ಸ್ಯಾಂಕಿ ರಸ್ತೆಯಲ್ಲಿ ಇಂದಿಗೂ ಇದೆ. ಆಡುತ್ತಿದ್ದವರು ಬ್ರಿಟಿಷ್ ಅಧಿಕಾರಿಗಳು. ಚೀಲ ಹೊತ್ತು ಹಿಂದೆ ನಡೆದವರು ನಮ್ಮವರು.

ಉಜ್ಜುವವನಿಗೆ ಕೋಲಿನ ಗುಣ ತಿಳಿಯುತ್ತದೆ; ಆಡುವವನಿಗೆ ತಿಳಿಯದೆಯೂ ಹೋಗಬಹುದು. ಈ ಅಂತರ 1913ರಲ್ಲಿ ಅಮೆರಿಕದ ಬ್ರೂಕ್‌ಲೈನ್‌ನಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಆ ವರ್ಷ ಯು.ಎಸ್. ಓಪನ್‌ನಲ್ಲಿ ಇಂಗ್ಲೆಂಡಿನ ಹೆಸರಾಂತ ವೃತ್ತಿಪರರಾದ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಅವರನ್ನು ಸೋಲಿಸಿದವರು 20 ವರ್ಷದ ಹವ್ಯಾಸಿ ಫ್ರಾನ್ಸಿಸ್ ವೀಮೆಟ್. ಅದೇ ಮೈದಾನದ ಎದುರು ಮನೆಯ ಹುಡುಗ, ಅಲ್ಲಿಯೇ ಕ್ಯಾಡಿಯಾಗಿದ್ದವರು. ಇತರರು ಕಳೆದುಕೊಂಡ ಚೆಂಡುಗಳನ್ನು ಹುಲ್ಲಿನಲ್ಲಿ ಹುಡುಕಿ ಕೂಡಿಡುತ್ತಿದ್ದ ಬಾಲ್ಯ ಅವರದು. ಪಂದ್ಯದಲ್ಲಿ ಅವರ ಚೀಲ ಹೊತ್ತಿದ್ದ ಎಡ್ಡಿ ಲೋರಿಗೆ ಹತ್ತು ವರ್ಷ. ಆಗಿನ ನಿಯಮದಂತೆ 16 ದಾಟಿದ ಮೇಲೂ ಕ್ಯಾಡಿ ಕೆಲಸ ಮಾಡಿದರೆ ಹವ್ಯಾಸಿ ಎನಿಸಿಕೊಳ್ಳುವ ಹಕ್ಕು ಹೋಗುತ್ತಿತ್ತು. ಮುಂದೆ ವೀಮೆಟ್ ಕ್ರೀಡಾ ಸಾಮಗ್ರಿಗಳ ಅಂಗಡಿ ತೆರೆದದ್ದಕ್ಕೆ 1916ರಲ್ಲಿ ಆ ಹಕ್ಕನ್ನು ಕಿತ್ತುಕೊಂಡರು, 1918ರಲ್ಲಿ ಹಿಂತಿರುಗಿಸಿದರು. ಸಲಕರಣೆಯ ಜತೆ ಎಷ್ಟು ಸಲಿಗೆ ಇರಬಹುದು ಎಂಬುದಕ್ಕೂ ಹವ್ಯಾಸಿಗೆ ಗೆರೆ ಎಳೆದಿದ್ದ ಕಾಲ ಅದು.

ಜೋನ್ಸ್ ಮತ್ತು ಅವರ ಪಟರ್

ಹವ್ಯಾಸಿಗಳಲ್ಲಿ ಬಾಬಿ ಜೋನ್ಸ್ ಅವರಷ್ಟು ಎತ್ತರಕ್ಕೆ ಏರಿದವರು ಮತ್ತೊಬ್ಬರಿಲ್ಲ. 1902ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಹುಟ್ಟಿದ ಜೋನ್ಸ್ ವೃತ್ತಿಯಿಂದ ವಕೀಲರು. ಗಾಲ್ಫ್‌ನಿಂದ ಬಹುಮಾನದ ಹಣ ಪಡೆಯಲೇ ಇಲ್ಲ. 1923ರಿಂದ 1930ರವರೆಗೆ 13 ಪ್ರಮುಖ ಪ್ರಶಸ್ತಿಗಳನ್ನು ಗೆದ್ದು, ಕೊನೆಯ ವರ್ಷ ನಾಲ್ಕನ್ನೂ ಒಟ್ಟಿಗೆ ಗೆದ್ದು, 28ನೇ ವಯಸ್ಸಿಗೇ ಸ್ಪರ್ಧೆಯಿಂದ ನಿವೃತ್ತರಾದರು.

ಆದರೆ ಹುಡುಗ ಜೋನ್ಸ್‌ಗೆ ಮೂಗಿನ ತುದಿಯಲ್ಲೇ ಕೋಪ. ಹೊಡೆತ ಕೆಟ್ಟರೆ ಕೋಲು ಎಸೆಯುವುದಕ್ಕೆ ಅವರು ಕುಖ್ಯಾತರು. 1921ರಲ್ಲಿ ಸೇಂಟ್ ಆಂಡ್ರೂಸ್‌ನ ಓಪನ್‌ನಲ್ಲಿ, ಮೂರನೇ ಸುತ್ತಿನ ಮಧ್ಯದಲ್ಲಿ ಆಟ ಕೈಕೊಟ್ಟಾಗ ಸ್ಪರ್ಧೆಯನ್ನೇ ಬಿಟ್ಟು ಹೊರನಡೆದರು. ಅದೇ ಜೋನ್ಸ್ ನಾಲ್ಕು ವರ್ಷದ ನಂತರ, 1925ರ ಯು.ಎಸ್. ಓಪನ್‌ನಲ್ಲಿ, ಹೊಡೆಯಲು ಸಿದ್ಧರಾದಾಗ ಚೆಂಡು ತುಸು ಅಲುಗಿತು ಎಂದು ತಾವೇ ಹೇಳಿ ಒಂದು ಹೊಡೆತದ ದಂಡ ಹಾಕಿಕೊಂಡರು. ಅಲುಗಿದ್ದನ್ನು ಕಂಡವರು ಬೇರೆ ಯಾರೂ ಇರಲಿಲ್ಲ. ಆ ಒಂದು ಹೊಡೆತದಿಂದಾಗಿ ಪಂದ್ಯ ಸಮವಾಯಿತು, ಮರುಪಂದ್ಯದಲ್ಲಿ ಜೋನ್ಸ್ ಸೋತರು.

ಈ ಬದಲಾವಣೆಗೆ ಕೋಲು ಒರೆಸಿದ್ದೇ ಕಾರಣ ಎಂದರೆ ಉತ್ಪ್ರೇಕ್ಷೆಯಾದೀತು. ವಯಸ್ಸು, ಓದು, ಸೋಲು ಎಲ್ಲವೂ ಸೇರಿ ಮನುಷ್ಯ ಮಾಗುತ್ತಾನೆ. ಆದರೆ ಜೋನ್ಸ್‌ರ ಈ ವರ್ಷಗಳ ಜತೆಗಾರನಾಗಿದ್ದ ಒಂದು ಕೋಲಿನ ಕಥೆ ಗಮನಾರ್ಹ.

ಕುಳಿಯ ಸಮೀಪ ಚೆಂಡನ್ನು ಮೆಲ್ಲಗೆ ಉರುಳಿಸಲು ಬಳಸುವ ಕೋಲಿಗೆ ಪಟರ್ ಎನ್ನುತ್ತಾರೆ. 1920ರಲ್ಲಿ ಜಿಮ್ ಮೇಡನ್ ಎಂಬ ವೃತ್ತಿಪರರು ಜೋನ್ಸ್‌ಗೆ ಒಂದು ಹಳೆಯ ಪಟರ್ ಕೊಟ್ಟರು. ‘ಕೆಲಾಮಿಟಿ ಜೇನ್’ ಎಂದು ಅದಕ್ಕೆ ಹೆಸರು. ಕಾವಿನ ಮೇಲೆ ಅಲ್ಲಲ್ಲಿ ಬಿಗಿಯಾಗಿ ದಾರದ ಕಟ್ಟು ಹಾಕಲಾಗಿತ್ತು. ಮುರಿದದ್ದನ್ನು ಎಸೆಯದೆ ಕಟ್ಟಿ ಉಳಿಸಿಕೊಂಡ ಕೋಲು ಅದು. ಇದರಿಂದಲೇ ಜೋನ್ಸ್ ತಮ್ಮ ಮೊದಲ ಮೂರು ದೊಡ್ಡ ಪ್ರಶಸ್ತಿಗಳನ್ನು ಗೆದ್ದರು.

ಅಷ್ಟರಲ್ಲಿ ಒಂದು ಎಡವಟ್ಟು ಬಯಲಾಯಿತು. ತುಕ್ಕು ತೆಗೆಯಲೆಂದು ಮತ್ತೆ ಮತ್ತೆ ಉಜ್ಜಿ ಉಜ್ಜಿ ಪಟರ್‌ನ ಮುಖವೇ ಸವೆದಿತ್ತು. ಸಮತಟ್ಟಾಗಿರಬೇಕಾದ ಮುಖ ಸಮತಟ್ಟಾಗಿ ಉಳಿದಿರಲಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬಂತೆ, ಪ್ರೀತಿಯ ಆರೈಕೆಯೇ ಕೋಲನ್ನು ಕೆಡಿಸಿತ್ತು. ಜೋನ್ಸ್ ಅದನ್ನು ಬಿಟ್ಟು, ಅದೇ ಮಾದರಿಯ ಎರಡನೆಯದನ್ನು ಮಾಡಿಸಿಕೊಂಡರು. 1926ರಿಂದ 1930ರವರೆಗೆ ಉಳಿದ ಹತ್ತು ಪ್ರಶಸ್ತಿಗಳನ್ನು ಗೆದ್ದದ್ದು ಈ ಎರಡನೆಯ ‘ಜೇನ್’ನಿಂದ. ಈಗ ಅದು ಅಮೆರಿಕದ ಗಾಲ್ಫ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

ಇದರಲ್ಲಿ ಎರಡು ಮಾತಿವೆ. ಒಂದು, ಒಳ್ಳೆಯ ಆಟಗಾರ ಕೋಲಿನ ತಪ್ಪನ್ನೂ ತನ್ನ ತಪ್ಪನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲ. ಎರಡು, ಗೆದ್ದುಕೊಟ್ಟ ಕೋಲು ಎಂಬ ಮೋಹಕ್ಕೆ ಆತ ಸಿಲುಕುವುದಿಲ್ಲ. ಜೋಪಾನ ಬೇರೆ, ಭಕ್ತಿ ಬೇರೆ.

ಉಕ್ಕು ತಂದ ಬಿಡುವು

ಜೋನ್ಸ್ ಗೆದ್ದದ್ದೆಲ್ಲ ಹಿಕರಿ ಕಾವಿನ ಕೋಲುಗಳಿಂದ. ಆದರೆ ಕಾಲ ಆಗಲೇ ತಿರುಗಿತ್ತು. ಉಕ್ಕಿನ ಕೊಳವೆಯ ಕಾವಿಗೆ ಅಮೆರಿಕದ ಸಂಸ್ಥೆ 1924ರಲ್ಲಿ, ಸೇಂಟ್ ಆಂಡ್ರೂಸ್‌ನ ಸಂಸ್ಥೆ 1929ರಲ್ಲಿ ಒಪ್ಪಿಗೆ ಕೊಟ್ಟವು. 1931ರಲ್ಲಿ ಬಿಲ್ಲಿ ಬರ್ಕ್ ಉಕ್ಕಿನ ಕಾವಿನಿಂದ ಯು.ಎಸ್. ಓಪನ್ ಗೆದ್ದರು. 1936ರಲ್ಲಿ ಯು.ಎಸ್. ಅಮೆಚೂರ್ ಗೆದ್ದ ಜಾನಿ ಫಿಷರ್, ಹಿಕರಿಯಿಂದ ದೊಡ್ಡ ಪ್ರಶಸ್ತಿ ಪಡೆದವರಲ್ಲಿ ಕೊನೆಯವರು. ತುಕ್ಕು ಹಿಡಿಯದ ಉಕ್ಕು, ಕ್ರೋಮಿಯಂ ಲೇಪ ಬಂದ ಮೇಲೆ ಎಮರಿ ಬಟ್ಟೆಯೂ ಮೂಲೆ ಸೇರಿತು.

ಹಿಕರಿಯ ಕಾಲದಲ್ಲಿ ಪ್ರತಿ ಕೋಲಿಗೂ ಅದರದೇ ಬಾಗು, ಅದರದೇ ತಿರುಚು. ಎಣ್ಣೆ ಹಚ್ಚುವ ಕೈಗೆ ಅದು ಗೊತ್ತು. ಉಕ್ಕಿನ ಕೋಲುಗಳು ಕಾರ್ಖಾನೆಯಿಂದ ಒಂದೇ ಅಳತೆಯಲ್ಲಿ ಜೋಡಿಯಾಗಿ ಬಂದವು. ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಕೊಂಡವರು ಎಷ್ಟು ಕೊಂಡರೆಂದರೆ, ಕೆಲವು ಆಟಗಾರರ ಚೀಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋಲುಗಳಾದವು. ಕೊನೆಗೆ ಅಮೆರಿಕದಲ್ಲಿ 1938ರಿಂದ, ಬ್ರಿಟನ್ನಿನಲ್ಲಿ 1939ರಿಂದ, 14ಕ್ಕಿಂತ ಹೆಚ್ಚು ಕೋಲು ಒಯ್ಯುವಂತಿಲ್ಲ ಎಂಬ ನಿಯಮ ಬಂತು. ಕೋಲಿನ ಗುಣ ಅರಿತು ಹೊಡೆತ ಬದಲಿಸುವ ಬದಲು, ಹೊಡೆತಕ್ಕೊಂದು ಕೋಲು ಎನ್ನುವ ಮನೋಭಾವಕ್ಕೆ ಅದು ಲಗಾಮು.

ಜೋಪಾನ ಅನಿವಾರ್ಯವಾಗಿದ್ದಾಗ ಅದು ಕ್ಯಾಡಿಯ ಕೂಲಿ ಕೆಲಸವಾಗಿತ್ತು. ಅನಿವಾರ್ಯತೆ ಹೋದ ಮೇಲೆ ಅದು ಆಟಗಾರನ ಆಯ್ಕೆಯಾಯಿತು. ಒಂದು ತಿಂಗಳು ಒರೆಸದಿದ್ದರೂ ಕೋಲೇನೂ ಮುರಿದುಬೀಳುವುದಿಲ್ಲ. ಹಾಗಿದ್ದರೂ ಒರೆಸುವವನಿಗೆ ಸಿಗುವುದೇನು?

ಕೊಳೆಯ ಲೆಕ್ಕಾಚಾರ

ಮೊದಲು ಕಣ್ಣಿಗೆ ಕಾಣುವ ಲಾಭ ನೋಡೋಣ. ಐರನ್ ಎಂದು ಕರೆಯುವ ಲೋಹದ ಕೋಲಿನ ಮುಖದ ಮೇಲೆ ಅಡ್ಡಡ್ಡ ಗೆರೆಗಳು ಕೊರೆದಿರುತ್ತವೆ. ಮಳೆಯಲ್ಲಿ ಟೈರಿನ ಗೀರುಗಳು ನೀರನ್ನು ಹೊರಕ್ಕೆ ಹಾಕುವಂತೆ, ಈ ಗೆರೆಗಳು ಚೆಂಡು ಮತ್ತು ಕೋಲಿನ ನಡುವೆ ಸಿಲುಕುವ ಹುಲ್ಲಿನ ರಸ, ನೀರಿಗೆ ದಾರಿ ಮಾಡಿಕೊಡುತ್ತವೆ. ಆಗ ಕೋಲು ಚೆಂಡನ್ನು ಕಚ್ಚಿ ಹಿಡಿದು ಹಿಮ್ಮುಖವಾಗಿ ತಿರುಗಿಸುತ್ತದೆ. ಹಾಗೆ ತಿರುಗುವ ಚೆಂಡು ಬಿದ್ದ ಜಾಗದಲ್ಲಿ ಬೇಗ ನಿಲ್ಲುತ್ತದೆ. ಗೆರೆಗಳಲ್ಲಿ ಮಣ್ಣು ಒಣಗಿ ಕೂತಿದ್ದರೆ ಚೆಂಡು ಜಾರಿ, ತಿರುಗದೆ ಹಾರಿ, ಬಿದ್ದ ಮೇಲೂ ಓಡುತ್ತದೆ. ಈ ಗೆರೆಗಳ ಪ್ರಭಾವ ಎಷ್ಟೆಂದರೆ, 2010ರಿಂದ ಉನ್ನತ ಮಟ್ಟದ ಪಂದ್ಯಗಳಲ್ಲಿ ಅವುಗಳ ಅಂಚು ಎಷ್ಟು ಹರಿತವಿರಬಹುದು ಎಂಬುದಕ್ಕೇ ನಿಯಮ ಮಿತಿ ಹಾಕಿದೆ.

ಎರಡನೆಯದು ಹಿಡಿ. ಈಗಿನ ರಬ್ಬರ್ ಹಿಡಿಗಳು ಬೆವರು, ಎಣ್ಣೆ, ಧೂಳು ಕೂಡಿ ನುಣುಪಾಗುತ್ತವೆ. ಜಾರುವ ಹಿಡಿಯನ್ನು ಕೈ ತಾನಾಗಿಯೇ ಬಿಗಿಯಾಗಿ ಹಿಡಿಯುತ್ತದೆ. ಮುಂಗೈ ಬಿಗಿದರೆ ಮಣಿಕಟ್ಟು ಸಡಿಲವಾಗಿ ತಿರುಗದು. ಆಟಗಾರ ತನ್ನ ಹೊಡೆತದ ಶೈಲಿ ಕೆಟ್ಟಿದೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾನೆ. ಕೆಟ್ಟಿದ್ದು ಹಿಡಿ. ಉಗುರುಬೆಚ್ಚಗಿನ ಸೋಪಿನ ನೀರು, ಒಂದು ಹಳೆಯ ಬ್ರಷ್, ಒಣ ಬಟ್ಟೆ ಇದ್ದರೆ ಸಾಕಿತ್ತು.

ಮೂರನೆಯದು ಬಿಸಿಲು. ತಲೆಯನ್ನೂ ಕಾವನ್ನೂ ಇಂದು ಸೇರಿಸುವುದು ಅಂಟು. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬಿಟ್ಟ ಕೋಲುಗಳಲ್ಲಿ ಆ ಅಂಟು ದುರ್ಬಲವಾಗಬಹುದು. ಬಡಿದು ಮಾಡಿದ ಮೆದು ಉಕ್ಕಿನ ಐರನ್‌ಗಳಲ್ಲಿ ತಲೆಯ ಓರೆ ಬಳಕೆಯಿಂದ ತುಸು ಬದಲಾಗುವುದೂ ಉಂಟು. ಸ್ವತಃ ಒರೆಸುವವನಿಗೆ ಇಂಥ ಬಿರುಕು, ಅಲುಗಾಟ ಮೊದಲೇ ಕಣ್ಣಿಗೆ ಬೀಳುತ್ತದೆ.

ಮನಸ್ಸಿನ ಲೆಕ್ಕಾಚಾರ

ಕೈಯಲ್ಲಿರುವ ವಸ್ತುವಿನ ಬಗ್ಗೆ ನಾವು ಏನೆಂದುಕೊಂಡಿದ್ದೇವೆ ಎಂಬುದು ಆಟವನ್ನು ಬದಲಿಸುತ್ತದೆಯೇ? 2011ರಲ್ಲಿ ಪ್ರಕಟವಾದ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ 41 ವಿದ್ಯಾರ್ಥಿಗಳಿಗೆ ಪಟರ್ ಕೊಡಲಾಯಿತು. ಕೆಲವರಿಗೆ ಮಾತ್ರ, ಇದು 2003ರ ಓಪನ್ ಚಾಂಪಿಯನ್ ಬೆನ್ ಕರ್ಟಿಸ್ ಬಳಸಿದ್ದು ಎಂದು ಹೇಳಲಾಯಿತು. ಹಾಗೆ ನಂಬಿದವರು ಹೆಚ್ಚು ಚೆಂಡುಗಳನ್ನು ಕುಳಿಗೆ ಹಾಕಿದರು. ಕುಳಿಯ ಗಾತ್ರವೂ ಅವರ ಕಣ್ಣಿಗೆ ದೊಡ್ಡದಾಗಿ ಕಂಡಿತ್ತು.

ಇಂಥ ಫಲಿತಾಂಶಗಳನ್ನು ತಕ್ಷಣ ತಲೆಯ ಮೇಲೆ ಹೊತ್ತುಕೊಳ್ಳಬಾರದು. 2010ರಲ್ಲಿ ಜರ್ಮನಿಯ ಸಂಶೋಧಕರು ‘ಇದು ಅದೃಷ್ಟದ ಚೆಂಡು’ ಎಂದು ಹೇಳಿ ಕೊಟ್ಟರೆ ಆಟ ಉತ್ತಮವಾಗುತ್ತದೆ ಎಂದು ವರದಿ ಮಾಡಿದ್ದರು. 2014ರಲ್ಲಿ ಹೆಚ್ಚು ಜನರನ್ನು ಇಟ್ಟುಕೊಂಡು ಅದೇ ಪ್ರಯೋಗ ಮತ್ತೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಅದೃಷ್ಟವನ್ನು ನೆಚ್ಚಿಕೊಳ್ಳುವುದು ಕಷ್ಟ ಎಂದಾಯಿತು.

ಜೋಪಾನದ ಪರಿಣಾಮ ಇಂಥ ಮಂತ್ರದ್ದಲ್ಲ, ಅದು ಸರಳವಾದುದು. ಕೋಲು ಸರಿಯಿದೆ ಎಂದು ನಂಬಿದವನಿಗಿಂತ, ಸರಿಯಿದೆ ಎಂದು ಕಣ್ಣಾರೆ ನೋಡಿದವನ ಸ್ಥಿತಿ ಬೇರೆ. ಹೊಡೆತ ತಪ್ಪಿದಾಗ ಅವನಿಗೆ ದೂರಲು ಉಳಿಯುವುದು ಒಂದೇ - ತನ್ನ ಹೊಡೆತ. ಕೇಳಲು ಕಹಿಯಾದರೂ ಕಲಿಯಲು ಇದೇ ದಾರಿ. ಹತ್ತು ಅನುಮಾನಗಳಿರುವಲ್ಲಿ ಯಾವುದನ್ನೂ ತಿದ್ದಲಾಗದು. ಒಂದೇ ಉಳಿದರೆ ತಿದ್ದಬಹುದು. ಹೊಟ್ಟೆಪಾಡಿಗೆ ಆಡುವ ವೃತ್ತಿಪರನ ಬಳಿ ತರಬೇತುದಾರ, ಕ್ಯಾಡಿ, ತಂತ್ರಜ್ಞ ಎಲ್ಲರೂ ಇರುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಬಿಡುವು ಸಿಗುವ ಹವ್ಯಾಸಿಗೆ ಈ ಲಾಭ ಇನ್ನೂ ದೊಡ್ಡದು.

ಹೊಡೆತ ಮುಗಿದ ಮೇಲೆ ಕೋಲಿನ ಮುಖ ಒರೆಸುವ ಕೆಲವು ಕ್ಷಣಗಳಿಗೂ ಬೆಲೆಯಿದೆ. ಕೋಪ ಇಳಿಯಲು ಕೈಗೊಂದು ಕೆಲಸ ಬೇಕು. ಕೋಲನ್ನು ಯಾವಾಗ ಬೇಕಾದರೂ ಒರೆಸಲು ನಿಯಮದ ಅಡ್ಡಿಯಿಲ್ಲ. ಚೆಂಡಿಗೆ ಮಾತ್ರ ಮಿತಿಯಿದೆ. ಕುಳಿಯಿರುವ ನುಣ್ಣನೆಯ ಅಂಗಳದಲ್ಲಿ ಗುರುತಿಟ್ಟು ಎತ್ತಿ ಒರೆಸಬಹುದು, ಬೇರೆ ಕಡೆ ಮನಬಂದಂತೆ ಎತ್ತುವಂತಿಲ್ಲ.

ಇದರ ವಿರುದ್ಧ ದಿಕ್ಕಿಗೆ ಹೋದರೆ ಏನಾಗುತ್ತದೆ ಎಂಬುದನ್ನು ದೊಡ್ಡವರೇ ತೋರಿಸಿಕೊಟ್ಟಿದ್ದಾರೆ. 1987ರಲ್ಲಿ ಓಹಾಯೊದಲ್ಲಿ ನಡೆದ ರೈಡರ್ ಕಪ್‌ನಲ್ಲಿ ಅಮೆರಿಕದ ಬೆನ್ ಕ್ರೆನ್ಶಾ ಆರನೇ ಕುಳಿಯ ಬಳಿಕ ಸಿಟ್ಟಿನಲ್ಲಿ ತಮ್ಮ ಪಟರ್ ಮುರಿದುಕೊಂಡರು. ಬದಲಿ ತರುವಂತಿರಲಿಲ್ಲ. ಉಳಿದ ಆಟವಿಡೀ ಐರನ್‌ನಿಂದಲೂ ಮರಳುಗುಂಡಿಯಿಂದ ಚೆಂಡೆತ್ತುವ ಕೋಲಿನ ಅಂಚಿನಿಂದಲೂ ಚೆಂಡು ಉರುಳಿಸಿದರು. ಕೊನೆಯ ಕುಳಿಯವರೆಗೂ ಹೋರಾಡಿ ಐರ್ಲೆಂಡಿನ ಈಮನ್ ಡಾರ್ಸಿಗೆ ಸೋತರು. ಆ ಸಲ ಯುರೋಪ್ ತಂಡ ಅಮೆರಿಕದ ನೆಲದಲ್ಲಿ ಮೊದಲ ಬಾರಿಗೆ ಗೆದ್ದಿತು, 15-13ರಿಂದ.

2001ರ ಓಪನ್‌ನಲ್ಲಿ ವೇಲ್ಸ್‌ನ ಇಯಾನ್ ವೂಸ್ನಮ್‌ರದು ಸಿಟ್ಟಿಗೆ ಮೊದಲಿನ ತಪ್ಪು. ಕೊನೆಯ ದಿನ ಎರಡನೇ ಕುಳಿಗೆ ಹೊಡೆಯಲು ನಿಂತಾಗ ಚೀಲದಲ್ಲಿ 14ರ ಬದಲು 15 ಕೋಲುಗಳಿರುವುದು ತಿಳಿಯಿತು. ಹೊರಡುವ ಮುನ್ನ ಎಣಿಸಿರಲಿಲ್ಲ. ಎರಡು ಹೊಡೆತಗಳ ದಂಡ ಬಿತ್ತು. ಮುಂಚೂಣಿಯಲ್ಲಿದ್ದವರು ಕೊನೆಗೆ ಮೂರನೇ ಸ್ಥಾನ ಹಂಚಿಕೊಂಡರು. ಚೀಲ ಹೊತ್ತವನು ಎಣಿಸಬೇಕಿತ್ತು, ನಿಜ. ಆದರೆ ನಿಯಮ ಪುಸ್ತಕದಲ್ಲಿ ದಂಡ ಬೀಳುವುದು ಆಟಗಾರನಿಗೆ.

ಆ ಪುಸ್ತಕ ಸವೆತವನ್ನೂ ಸಿಟ್ಟನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. 2023ರಿಂದ ಜಾರಿಯಲ್ಲಿರುವ ನಿಯಮದಂತೆ, ಆಟದ ನಡುವೆ ಕೋಲು ಹಾಳಾದರೆ ಬದಲಿ ತೆಗೆದುಕೊಳ್ಳಬಹುದು. ಆಟಗಾರನೇ ಕೋಪದಿಂದ ಕುಕ್ಕಿ ಎಸೆದು ಹಾಳುಮಾಡಿದ್ದರೆ ಮಾತ್ರ ಆ ಅವಕಾಶವಿಲ್ಲ.

ಸ್ವಂತ ಕೈಯ ಕೆಲಸ

ನಮ್ಮಲ್ಲಿ ಆಯುಧಪೂಜೆಯ ಹಿಂದಿನ ದಿನ ಕಮ್ಮಾರನ ಸುತ್ತಿಗೆಯಿಂದ ಹಿಡಿದು ಬಸ್ಸಿನ ಚಕ್ರದವರೆಗೆ ಎಲ್ಲವನ್ನೂ ತೊಳೆದು ಒರೆಸುತ್ತೇವೆ. ಉಳಿದ ದಿನಗಳಲ್ಲಿ ಅದನ್ನು ಇನ್ನೊಬ್ಬರಿಗೆ ಬಿಟ್ಟಿರುತ್ತೇವೆ. ಗಾಲ್ಫ್‌ನ ಚರಿತ್ರೆಯೂ ಬಹುಕಾಲ ಹಾಗೆಯೇ ನಡೆಯಿತು. ಆಡಿದವನ ಹೆಸರು ಫಲಕದ ಮೇಲೆ ಬಂತು. ಎಮರಿ ಬಟ್ಟೆ ಹಿಡಿದು ತುಕ್ಕು ತೆಗೆದ ಹುಡುಗನ ಹೆಸರು ಎಲ್ಲಿಯೂ ಇಲ್ಲ. ಆದರೆ ಕೋಲಿನ ಭಾರ, ಬಾಗು, ಬಿರುಕು ಎಲ್ಲ ತಿಳಿದದ್ದು ಅವನ ಬೆರಳಿಗೆ. ಆ ಅರಿವನ್ನು ಹವ್ಯಾಸಿ ಇಂದು ಹತ್ತು ನಿಮಿಷದ ದುಡಿಮೆಯಿಂದ ಪಡೆದುಕೊಳ್ಳಬಹುದು.

ಅದರಿಂದ ಅವನು ಜೋನ್ಸ್ ಆಗಿಬಿಡುವುದಿಲ್ಲ. ಹತ್ತು ಹೊಡೆತ ತಪ್ಪಿಸುತ್ತಿದ್ದವನು ಎಂಟು ತಪ್ಪಿಸಿದರೆ ಅದೇ ದೊಡ್ಡದು. ಆದರೆ ಆ ಎಂಟೂ ತನ್ನವೇ ಎಂದು ಅವನಿಗೆ ಗೊತ್ತಿರುತ್ತದೆ. ಊರ ಮೈದಾನದಲ್ಲಿ ಅಗಸೆ ಎಣ್ಣೆ ಹಚ್ಚುತ್ತಿದ್ದ ಹುಡುಗ ಔಟಾಗಿ ಬಂದು ಬ್ಯಾಟನ್ನು ಗೋಡೆಗೆ ಮೆಲ್ಲಗೆ ಒರಗಿಸಿಡುತ್ತಿದ್ದುದು ಇದೇ ಕಾರಣಕ್ಕೆ ಇರಬೇಕು. ಬ್ಯಾಟಿನ ತಪ್ಪಲ್ಲ ಎಂದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.